ಶೇಂಗಾ ಎಣ್ಣೆಯ ಗುಡ್ಡ

ಎಣ್ಣೆಬಣ್ಣದಲ್ಲಿ ಗುಡ್ಡ ಬರೆಯುವುದನ್ನು ಕಲಿಯಲು ನಾನು ತೆತ್ತ ಬೆಲೆ ಒಂದು ಇಡೀ ಆಷಾಢದ ತುಪ್ಪ. ಊಟಕ್ಕೆ ಕುಳಿತಾಗ ಸೋದರತ್ತೆ ನನ್ನ ಪಾಲಿಗೆ ಹಾಕುತ್ತಿದ್ದ ತುಪ್ಪವನ್ನು ಬಟ್ಟಲಲ್ಲಿ ಉಳಿಸಿಕೊಂಡು, ಒಣ ರೊಟ್ಟಿಯನ್ನು ಪುಂಡಿಪಲ್ಯದಲ್ಲಿ ಅದ್ದಿ ತಿಂದು, ಬಟ್ಟಲನ್ನು ಸೆರಗಿಲ್ಲದ ಲಂಗದ ಮರೆಯಲ್ಲಿ ಮಹಡಿಗೆ ಸಾಗಿಸುತ್ತಿದ್ದೆ. ಬೆಲೆ ಹೆಚ್ಚಾಯಿತೇ ಎಂದು ನನ್ನ ಬಣ್ಣದ ಅಂಗಡಿಗೆ ಬರುವ ಹುಡುಗರು ಕೇಳುತ್ತಾರೆ. ಮಾಲು ಯಾವುದೆಂದು ತಿಳಿಯದೆ ಬೆಲೆ ಹೆಚ್ಚೋ ಕಡಿಮೆಯೋ ಹೇಳಬಾರದು. ನಾನು ಕೊಳ್ಳಲು ಹೊರಟಿದ್ದು ಬಣ್ಣವನ್ನಲ್ಲ, ಚಿತ್ರವನ್ನೂ ಅಲ್ಲ. ಹೊಳಗುಂದದ ತವರುಮನೆಯಲ್ಲಿ ಕುಳಿತುಬಿಟ್ಟಿದ್ದ ನನ್ನ ಅವ್ವನನ್ನು. ಆ ಲೆಕ್ಕದಲ್ಲಿ ತುಪ್ಪ ಅಗ್ಗವೇ.

ಆದವಾನಿಯಲ್ಲಿ ನಮ್ಮ ಮನೆ ಹತ್ತಿ ಪೇಟೆಯ ಹಿಂದಿನ ಓಣಿಯಲ್ಲಿತ್ತು. ಮುಂದೆ ಪಡಸಾಲೆ, ಅದರಲ್ಲಿ ಅಪ್ಪನ ಗಾದಿ, ನಡುವೆ ಕತ್ತಲೆಯ ದೇವರ ಕೋಣೆ, ಬೆಳಿಗ್ಗೆ ಅಪ್ಪ ಲಿಂಗಪೂಜೆಗೆ ಕುಳಿತರೆ ವಿಭೂತಿಯ ವಾಸನೆ ಮಾತ್ರ ಹೊರಗೆ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಹಿಂದೆ ಅಡುಗೆಮನೆ. ಅಡುಗೆಮನೆಯ ಪಕ್ಕದ ಮೆಟ್ಟಿಲು ಹತ್ತಿದರೆ ಮಣ್ಣಿನ ಮಾಳಿಗೆ, ಅದರ ಮೂಲೆಯಲ್ಲಿ ಬಾಡಿಗೆಗೆ ಕೊಟ್ಟ ಒಂದು ಕೋಣೆ. ಮಾಳಿಗೆಯ ಮೇಲೆ ನಿಂತರೆ ಊರ ಮೇಲಿನ ಬಂಡೆಗುಡ್ಡ ಎದುರಿಗೇ. ಸಂಜೆ ರೊಟ್ಟಿ ತಟ್ಟುವ ಮೊದಲು ಅವ್ವ ನನ್ನನ್ನು ಕರೆದುಕೊಂಡು ಮೇಲೆ ಹೋಗಿ, ಮನೆಯ ಇನ್ನೊಬ್ಬರ ಆರೋಗ್ಯ ವಿಚಾರಿಸುವಂತೆ ಗುಡ್ಡವನ್ನು ನೋಡುತ್ತಿದ್ದಳು. ಬಿಸಿಲಿದ್ದರೆ "ಇವತ್ತು ನಗಾಕತ್ತೈತಿ" ಎನ್ನುವಳು. ಮೋಡ ಕವಿದು ಬಂಡೆಗಳೆಲ್ಲ ಬೂದಿಯ ಬಣ್ಣಕ್ಕೆ ತಿರುಗಿದ್ದರೆ, ಅದರ ಮುಖ ಸಣ್ಣಗಾಗಿದೆಯೆಂದು,

"ನೋಡ್ ಬೇ ನೀಲಿ, ಗುಡ್ಡ ಮಾರಿ ಇಳಿಬಿಟ್ಟೈತಿ. ಯಾರೋ ಏನೋ ಅಂದಾರ ಅದಕ್ಕ."

ಅಪ್ಪ ಹತ್ತಿಯ ದಲಾಲ. ನಮ್ಮ ಪೇಟೆಯ ಪದ್ಧತಿ ತಿಳಿಯದವರಿಗಾಗಿ ಹೇಳುತ್ತೇನೆ. ಕೊಳ್ಳುವವನೂ ದಲಾಲನೂ ಬಾಯಿಬಿಟ್ಟು ಬೆಲೆ ಹೇಳುವುದಿಲ್ಲ. ಇಬ್ಬರ ಬಲಗೈಯ ಮೇಲೆ ಒಂದು ರುಮಾಲು ಹಾಸಿಕೊಂಡು, ಅದರ ಕೆಳಗೆ ಬೆರಳು ಹಿಡಿದು, ಒತ್ತಿ, ಮಡಚಿ ಬೆಲೆ ಕೇಳುತ್ತಾರೆ, ಬೆಲೆ ಹೇಳುತ್ತಾರೆ. ಮುಖದಲ್ಲಿ ಏನೂ ಕಾಣಬಾರದು. ಸುತ್ತ ಊರೇ ನಿಂತಿರಲಿ, ಆ ಅಂಕಿ ಆ ಎರಡು ಕೈಗಳದ್ದು. ರುಮಾಲಿನ ಕೆಳಗಿನ ಮಾತನ್ನು ಮೇಲೆ ತಂದ ದಲಾಲನ ಕೈಯನ್ನು ಮರುದಿನ ಯಾರೂ ಹಿಡಿಯುವುದಿಲ್ಲ. ಅಪ್ಪ ಮದುವೆಯ ಹೊಸತರಲ್ಲಿ ಅವ್ವನಿಗೆ ಈ ಬೆರಳ ಭಾಷೆ ಕಲಿಸಿದ್ದನಂತೆ. ಸೋದರತ್ತೆ ಎದುರಿಗೆ ಕುಳಿತಿದ್ದಾಗ ಇನ್ನೆಷ್ಟು ರೊಟ್ಟಿ ಬೇಕೆಂಬುದನ್ನು ಅವ್ವನ ಸೆರಗಿನ ತುದಿಯ ಕೆಳಗೆ ಒತ್ತಿ ಹೇಳುತ್ತಿದ್ದ. ಅವ್ವ ನಗು ತಡೆಯಲಾರದೆ ಒಲೆಯ ಕಡೆ ತಿರುಗುತ್ತಿದ್ದಳು. ಅವಳಿಂದ ನಾನೂ ಕಲಿತೆ. ಬೇರೆ ಮನೆಗಳ ಹೆಣ್ಣುಮಕ್ಕಳು ಕುಂಟೆಬಿಲ್ಲೆ ಆಡುವಾಗ ನಾವು ತಾಯಿಮಗಳು ಪುಂಡಿಸೊಪ್ಪಿನ ಕಟ್ಟಿಗೆ ಸೆರಗಿನ ಕೆಳಗೆ ಚೌಕಾಸಿ ಮಾಡುತ್ತಿದ್ದೆವು.

ಆ ಬೇಸಿಗೆಯಲ್ಲಿ ಸೋದರಮಾವ, ಅಂದರೆ ಅವ್ವನ ಅಣ್ಣ, ಹೊಳಗುಂದದಿಂದ ತನ್ನ ಹತ್ತಿಯನ್ನು ಬಂಡಿಗಳಲ್ಲಿ ತಂದು ಅಪ್ಪನ ಕೈಗೆ ಒಪ್ಪಿಸಿದ. ಅಪ್ಪ ಅದನ್ನು ಒಬ್ಬ ಗಿರಣಿಯವನಿಗೆ ಬೆಲೆ ಮುರಿದು ಮಾರಿಕೊಟ್ಟ. ಹಣ ತೆಗೆದುಕೊಂಡು ಊರಿಗೆ ಹೋದ ಮೇಲೆ ಮಾವನಿಗೆ ಯಾರೋ ಕಿವಿ ಊದಿದರು: ಗಿರಣಿಯವನು ಕೊಟ್ಟ ಬೆಲೆಯೇ ಬೇರೆ, ನಿನ್ನ ಕೈಗೆ ಬಂದ ಬೆಲೆಯೇ ಬೇರೆ, ನಡುವಿನದು ನಿನ್ನ ತಂಗಿಯ ಗಂಡನ ಗಾದಿಯ ಕೆಳಗೆ ಹೋಗಿದೆ ಎಂದು. ಆ ಮಾತು ಅವ್ವನ ತನಕ ಬಂತು. ಅವ್ವ ಅದನ್ನು ನಂಬಲಿಲ್ಲ ಎಂದೇ ಇವತ್ತಿಗೂ ನನ್ನ ಎಣಿಕೆ. ಆದರೆ ಅಣ್ಣನಿಗೆ ಉತ್ತರ ಹೇಳಲು ಅವಳಿಗೆ ಒಂದು ಅಂಕಿ ಬೇಕಿತ್ತು. ಅಪ್ಪ ಊಟಕ್ಕೆ ಕುಳಿತಾಗ ಕೇಳಿದಳು.

"ಅಣ್ಣನ ಮಾಲು ಎಷ್ಟಕ್ಕ ಮುರಿದ್ರಿ?"

"ರುಮಾಲಿನ ಕೆಳಗಿನ ಮಾತು ಮ್ಯಾಲ ಬರಂಗಿಲ್ಲ. ಗೊತ್ತೈತಲ್ಲ ನಿನಗ."

"ನನಗೊಬ್ಬಾಕಿಗೆ ಹೇಳ್ರಿ. ನಾನೇನು ಹೊರಗಿನಾಕಿ ಏನ್ರಿ?"

"ವ್ಯಾಪಾರದಾಗ ಒಳಗಿನವ್ರು ಹೊರಗಿನವ್ರು ಅಂತ ಇಲ್ಲ. ಇವತ್ತು ನಿನಗ ಹೇಳಿದ್ರ ನಾಳಿ ಹೊಳಗುಂದಿ ಕಟ್ಟಿ ಮ್ಯಾಲ ಕುಂತಿರತೈತಿ ಆ ಮಾತು. ಆ ಗಿರಣಿಯಾತ ಮತ್ತ ನನ್ನ ಕೈ ಹಿಡೀತಾನೇನು?"

ಅವ್ವ ಕೈಯಲ್ಲಿದ್ದ ರೊಟ್ಟಿಯನ್ನು ಬುಟ್ಟಿಗೆ ವಾಪಸು ಹಾಕಿದಳು.

"ಹಂಗಾರ ನಾಳಿಂದ ಆ ರುಮಾಲೇ ನಿಮಗ ರೊಟ್ಟಿ ಬಡೀಲಿ."

ಮರುದಿನ ತವರಿನ ಕಡೆ ಹೊರಟ ಬಂಡಿಯಲ್ಲಿ ಅವಳು ಕುಳಿತಳು. ನನ್ನನ್ನೂ ಕರೆದೊಯ್ಯುತ್ತಿದ್ದಳು, ಅಪ್ಪ ಬಾಗಿಲಲ್ಲಿ ನಿಂತು "ಹುಡುಗಿ ಇಲ್ಲೇ ಇರಲಿ" ಅಂದ. ಮಾಲು ಕೈಬಿಟ್ಟು ಹೋಗದ ಹಾಗೆ ಅವನು ಇಟ್ಟುಕೊಂಡ ಅಡಮಾನ ನಾನು ಎಂದು ಬಹಳ ವರ್ಷಗಳ ಮೇಲೆ ತಿಳಿಯಿತು. ಆಗ ತಿಳಿದದ್ದು ಇಷ್ಟೇ: ಅವ್ವ ತಾನಾಗಿ ಬರುವುದಿಲ್ಲ, ಅಪ್ಪ ಕರೆಯಲು ಹೋಗುವುದಿಲ್ಲ. ಇಬ್ಬರೂ ಕೈ ಹಿಂದಕ್ಕೆಳೆದುಕೊಂಡು ಕುಳಿತ ವ್ಯಾಪಾರ ಅದು.

ಅಪ್ಪನ ವಿಧವೆ ಅಕ್ಕ, ನನ್ನ ಸೋದರತ್ತೆ, ಒಲೆ ಹಿಡಿದಳು. ಕೆಟ್ಟವಳಲ್ಲ, ಆದರೆ ಮಾತನ್ನೂ ತುಪ್ಪದ ಹಾಗೆ ಚಮಚದಲ್ಲಿ ಹಾಕುವವಳು. ಓಣಿಯವರು ಕೇಳಿದರೆ ಆಷಾಢಕ್ಕೆ ತವರಿಗೆ ಹೋಗಿದ್ದಾಳೆ ಎಂದುಬಿಟ್ಟಳು. ಎದುರುಮನೆಯ ಅಜ್ಜಿ ಬಿಡಲಿಲ್ಲ.

"ಆಷಾಢಕ್ಕ ತವರಿಗೆ ಹೋಗೋದು ಹೊಸ ಮದುವಣಗಿತ್ತಿ. ಇಷ್ಟೆತ್ತರ ಮಗಳನ್ನ ಇಟ್ಕೊಂಡು ನಿಮ್ಮಾಕಿಗೆ ಯಾವ ಆಷಾಢ ಬೇ?"

ಅತ್ತೆ ಬಾಗಿಲು ಮುಂದೆ ಮಾಡಿದಳು. ಆಮೇಲೆ ಬಾಗಿಲು ಹಾಗೆಯೇ ಇರತೊಡಗಿತು. ಗೆಳತಿಯರು ಬರುವುದು ನಿಂತಿತು, ಅಥವಾ ನಾನೇ ಹೋಗುವುದನ್ನು ಬಿಟ್ಟೆ. ಅಪ್ಪ ಪೇಟೆಯಿಂದ ಬಂದು, ಉಂಡು, ಗಾದಿಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ. ಮಾವನ ಹತ್ತಿ ಮುರಿದಾಗ ಹೆಗಲ ಮೇಲಿದ್ದ, ಕೆಂಪು ಅಂಚಿನ ಹಳೆಯ ರುಮಾಲನ್ನು ಅವನು ಮತ್ತೆ ಮುಟ್ಟಲಿಲ್ಲ, ಹೊಸದು ಕೊಂಡ. ಹಳೆಯದು ಗೂಟದ ಮೇಲೆ ಧೂಳು ಕುಡಿಯುತ್ತಿತ್ತು. ಮೂವರಿದ್ದ ಆ ಮನೆಯಲ್ಲಿ ನನ್ನ ಬಲಗೈಯನ್ನು ಎಡಗೈಯೇ ಹಿಡಿದು, ಲಂಗದ ಅಂಚು ಮುಚ್ಚಿ, ಪುಂಡಿಸೊಪ್ಪಿನ ಬೆಲೆ ಕೇಳುತ್ತಿದ್ದೆ. ಎರಡು ಕೈಯೂ ನನ್ನದೇ ಆದರೆ ವ್ಯಾಪಾರ ಕುದುರುವುದಿಲ್ಲ, ಬೇಕಾದರೆ ಮಾಡಿ ನೋಡಿ.

ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗಿದ್ದವರು ಡ್ರಾಯಿಂಗ್ ಮಾಸ್ಟ್ರು. ಮದ್ರಾಸಿನಲ್ಲಿ ಕಲಿತು ಬಂದವರು, ತೆಲುಗಿನವರು, ಒಂಟಿ. ಸಂಜೆ ಕೋಣೆಯ ಮುಂದೆ ಮೂರು ಕಾಲಿನ ಹಲಗೆ ನಿಲ್ಲಿಸಿ ಅದೇ ಗುಡ್ಡವನ್ನು ಬರೆಯುತ್ತಿದ್ದರು. ಒಂದು ದಿನ ಹಿಂದೆ ನಿಂತು ನೋಡಿದೆ. ಮೋಡ ಕವಿದ ಗುಡ್ಡ, ಅವ್ವ ಹೇಳುತ್ತಿದ್ದ ಹಾಗೆಯೇ, ಮಾರಿ ಇಳಿಬಿಟ್ಟು ಕುಳಿತಿತ್ತು. ಹೊಳಗುಂದದಿಂದ ಈ ಗುಡ್ಡ ಕಾಣುವುದಿಲ್ಲ. ಇದನ್ನು ಅಲ್ಲಿಗೆ ಕಳಿಸಿದರೆ, ಯಾರೋ ಏನೋ ಅಂದಿದ್ದಾರೆ ಇದಕ್ಕೆ ಎಂದು ಅವ್ವ ಎದ್ದು ಬಂದಾಳು ಎಂದು ನನ್ನ ಬುದ್ಧಿಗೆ ಹೊಳೆಯಿತು.

"ಮಾಸ್ಟ್ರೇ, ಇದನ್ನ ನನಗ ಕೊಡ್ರಿ."

"ಊಹೂಂ, ಕೊಡೋದು ಇಲ್ಲಮ್ಮ. ಬೇಕಾದ್ರೆ ನೇರ್ಪಿಸ್ತಾನು, ಕಲಿಸ್ತೀನಿ. ನೀನೇ ಬರಕೋ. ನನಗೇನು ಕೊಡ್ತೀಯ?"

ಅವರ ಒಲೆಯ ಪಕ್ಕದಲ್ಲಿ ಅನ್ನದ ಗಡಿಗೆ, ಉಪ್ಪಿನಕಾಯಿಯ ಜಾಡಿ, ಒಣಗಿದ ತುಪ್ಪದ ಗಿಂಡಿ ಇದ್ದುದನ್ನು ನೋಡಿಟ್ಟುಕೊಂಡಿದ್ದೆ. ತುಪ್ಪ ಎಂದೆ. ಅವರ ಮುಖದಲ್ಲಿ ಎಲ್ಲವೂ ಕಂಡುಬಿಟ್ಟಿತು. ಪೇಟೆಗೆ ಲಾಯಕ್ಕಾದ ಮುಖವಲ್ಲ. ನನ್ನ ಬದುಕಿನ ಮೊದಲ ವ್ಯಾಪಾರ ಹಾಗೆ ಮುಗಿಯಿತು.

ಎರಡನೇ ಮಹಾಯುದ್ಧದ ಕಾಲ, ಬಟ್ಟೆಗೆ ತಾಪತ್ರಯ. ಚಿತ್ರಕ್ಕೆ ಬಟ್ಟೆ ಎಲ್ಲಿಂದ ತರುವುದೆಂದು ಯೋಚಿಸುತ್ತಿರುವಾಗಲೇ ಅತ್ತೆ ಗೂಟದ ಮೇಲಿನ ಹಳೆಯ ರುಮಾಲನ್ನು ಎಳೆದು ನನ್ನ ಕಡೆ ಎಸೆದಳು, "ಒಲಿಕಟ್ಟಿ ಒರೆಸಾಕ ಇಟ್ಟುಕೊ" ಎಂದು. ನಾನು ಅದನ್ನು ಒಗೆದು ಮೇಲೆ ಒಯ್ದೆ. ಮಾಸ್ಟ್ರು ಗಾಜು ಒಡೆದ ಕನ್ನಡಿಯ ಚೌಕಟ್ಟಿಗೆ ಅದನ್ನು ಎಳೆದು ಮೊಳೆ ಹೊಡೆದರು. ಅಂಟಿನ ನೀರು ಬಳಿದು, ಒಣಗಿಸಿ, ಸೀಮೆಸುಣ್ಣದ ಹಿಟ್ಟು ಬೆರೆಸಿ ಬಳಿದು, ಮತ್ತೆ ಒಣಗಿಸಿದೆವು. ಅಂಟು ಕುಡಿಸದ ಬಟ್ಟೆಗೆ ಎಣ್ಣೆ ತಾಗಿದರೆ ಬಟ್ಟೆ ಕೊಳೆಯುತ್ತದೆ.

ಮೊದಲ ಪಾಠಕ್ಕೆ ಆಕಾಶ. ಮೋಡವೆಂದರೆ ಕಪ್ಪು ಎಂದು ನಾನು ಕರಿಬಣ್ಣ ಮೆತ್ತಿದೆ.

"ಏಮ್ಮಾ, ಇದಿ ಆಕಾಶಮಾ, ನಿಮ್ಮ ಅತ್ತೆಯ ರೊಟ್ಟಿ ಹಂಚಾ?"

ಬಣ್ಣವನ್ನು ಚಿಂದಿಯಿಂದ ಒರೆಸಿ ತೆಗೆಸಿದರು. ಕಪ್ಪು ಮುಟ್ಟಬೇಡ, ನೀಲಿಗೆ ಕಾವಿ ಕೂಡಿಸು ಅಂದರು. ಕೂಡಿಸಿದರೆ ಆಶ್ಚರ್ಯ! ನೀಲಿಯೂ ಅಲ್ಲದ, ಕೆಂಪೂ ಅಲ್ಲದ, ಮಳೆ ಬರುವ ಮೊದಲು ನಮ್ಮ ಓಣಿಯಲ್ಲಿ ಇಳಿಯುವ ಆ ಬೂದಿಗತ್ತಲೆ ಹಲಗೆಯ ಮೇಲೆ ಹುಟ್ಟಿತು. ಕಣ್ಣು ಅರ್ಧ ಮುಚ್ಚಿ ನೋಡು ಅಂದರು. ಅರ್ಧ ಮುಚ್ಚಿದರೆ ಗುಡ್ಡದ ಬಂಡೆಗಳೆಲ್ಲ ಸೇರಿ ಒಂದೇ ಮುದ್ದೆಯಾಗುತ್ತಿದ್ದವು, ಬಗ್ಗಿ ಕುಳಿತ ಬೆನ್ನಿನ ಹಾಗೆ. ಒಂದೊಂದೇ ಬಂಡೆ ಬರೆಯಬೇಡ, ಬೆನ್ನು ಬರೆ ಅಂದರು. ಎಲ್ಲವನ್ನೂ ಕತ್ತಲೆ ಮಾಡಿ ಹೆಮ್ಮೆಯಿಂದ ತೋರಿಸಿದ ದಿನ ಅವರು ತಲೆಯಾಡಿಸಿದರು.

"ಎಲ್ಲಾ ಕತ್ತಲಾದ್ರೆ ಅದು ಮುನಿಸು ಕಾದು, ಮುನಿಸಲ್ಲ, ಬರೀ ಕುರುಡು. ಗುಡ್ಡದ ಬುಡದಲ್ಲಿ ಒಂದು ಗೀಟು ಬೆಳಕು ಬಿಡು. ಮುನಿಸಿಕೊಂಡವರು ಪೂರ್ತಿ ಬಾಗಿಲು ಹಾಕಲ್ಲಮ್ಮ."

ಆ ಬೆಳಕಿನ ಗೀಟಿಗಾಗಿ ನಾನು ಪಟ್ಟ ಪಾಡು ಯಾವ ಗಿರಾಕಿಯೊಡನೆಯೂ ಪಟ್ಟಿಲ್ಲ. ಹಳದಿ ಹೆಚ್ಚಾದರೆ ಬೆಂಕಿಯಂತೆ, ಬಿಳಿ ಹೆಚ್ಚಾದರೆ ಸುಣ್ಣದಂತೆ. ದಿನವೂ ಸಂಜೆ ಒಬ್ಬಳೇ ಮಾಳಿಗೆಯ ಮೇಲೆ ಗುಡ್ಡದೆದುರು ಕುಳಿತು ಅದು ಯಾವ ಬಣ್ಣವೆಂದು ಹುಡುಕುತ್ತಿದ್ದೆ. ಕೆಳಗೆ ಅತ್ತೆ ರೊಟ್ಟಿ ಬಡಿಯುವ ಸದ್ದು. ಅವ್ವ ಬಡಿಯುತ್ತಿದ್ದ ಲಯ ಬೇರೆ ಇತ್ತು.

ಅಷ್ಟರಲ್ಲಿ ಮಾಸ್ಟ್ರ ಎಣ್ಣೆ ಮುಗಿಯಿತು. ಬಣ್ಣ ಕಲಸುವುದಕ್ಕೆ ಅವರು ಸೀಸೆಯಿಂದ ಹನಿಹನಿಯಾಗಿ ಹಾಕುತ್ತಿದ್ದುದು ಅಗಸೆ ಎಣ್ಣೆ ಎಂದು ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅವರು ಊರಿಗೆ ಹೋಗಿದ್ದಾಗ ಸೀಸೆ ಬರಿದಾಗಿರುವುದನ್ನು ಕಂಡೆ. ಶೇಂಗಾ ಬೆಳೆಯುವ ಸೀಮೆಯಲ್ಲಿ ಹುಟ್ಟಿದವಳಿಗೆ ಎಣ್ಣೆಯ ಚಿಂತೆಯೇ? ಅಡುಗೆಮನೆಯ ಡಬ್ಬಿಯಿಂದ ಹೊಸ ಗಾಣದ ಶೇಂಗಾ ಎಣ್ಣೆ ತಂದು, ಉಳಿದ ಬಣ್ಣಕ್ಕೆಲ್ಲ ಧಾರಾಳವಾಗಿ ಬೆರೆಸಿ, ಆಕಾಶವನ್ನೂ ಗುಡ್ಡವನ್ನೂ ಮೊದಲಿಂದ ಬಳಿದೆ. ಬಣ್ಣ ಬೆಣ್ಣೆಯ ಹಾಗೆ ಜಾರಿತು. ಬೆಳಕಿನ ಗೀಟು ಕೂಡ ಒಂದೇ ಎಳೆತಕ್ಕೆ ಕೂತಿತು. ಒಣಗಲಿ ಎಂದು ಮಾಳಿಗೆಯ ಮೇಲೆ ಗೋಡೆಗೆ ಒರಗಿಸಿಟ್ಟೆ.

ಒಣಗಲಿಲ್ಲ. ಮರುದಿನವೂ ಇಲ್ಲ, ಮರುವಾರವೂ ಇಲ್ಲ. ಹತ್ತಿ ಬಿಡಿಸುವ ಗಿರಣಿಗಳು ಆ ವರ್ಷ ಇನ್ನೂ ನಿಂತಿರಲಿಲ್ಲ. ಆಷಾಢದ ಗಾಳಿಗೆ ಅವುಗಳ ಅರಳೆಯ ನವಿರು ಊರೆಲ್ಲ ಹಾರುತ್ತಿತ್ತು, ಹಸಿ ಬಣ್ಣ ಕಂಡಲ್ಲಿ ಬಂದು ಕೂರುತ್ತಿತ್ತು. ಆರಿಸಿ ತೆಗೆದಷ್ಟೂ ಮತ್ತೆ ಬಂತು. ಆಕಾಶದ ತುಂಬ ಎಳೆಎಳೆಯಾಗಿ ಅರಳೆ ಅಂಟಿಕೊಂಡು, ನಾನು ಬರೆಯದ ಮೋಡಗಳೆಲ್ಲ ಗುಡ್ಡದ ಬೆನ್ನಿನ ಮೇಲೆ ಇಳಿದಿದ್ದವು. ಮಾಸ್ಟ್ರು ವಾಪಸು ಬಂದು, ಚಿತ್ರದ ಹತ್ತಿರ ಬಗ್ಗಿ, ಮೂಸಿದರು.

"ಅಯ್ಯೋ ರಾಮಾ! ಬೊಮ್ಮಕ್ಕೆ, ಚಿತ್ರಕ್ಕೆ ಒಗ್ಗರಣೆ ಹಾಕಿದೆಯೇನೇ? ಶೇಂಗಾ ಎಣ್ಣೆ ಈ ಜನ್ಮದಲ್ಲಿ ಒಣಗಲ್ಲ!"

ಆಮೇಲೆ ದೂರ ಸರಿದು, ಕಣ್ಣು ಅರ್ಧ ಮುಚ್ಚಿ ನೋಡಿದರು. ಒರೆಸಿಬಿಡಲೇ ಎಂದು ಕೇಳಿದೆ. "ಮುಟ್ಟಬೇಡ" ಅಂದರು. ಅಷ್ಟೇ.

ಮಳೆ ಹನಿಯತೊಡಗಿದ್ದರಿಂದ ಚಿತ್ರವನ್ನು ಕೆಳಗೆ ತಂದು ಪಡಸಾಲೆಯಲ್ಲಿಟ್ಟೆ. ಅಪ್ಪ ಪೇಟೆಯಿಂದ ಬಂದವನು ಗಾದಿಯ ಮೇಲೆ ಕುಳಿತು ಅದನ್ನೇ ನೋಡಿದ.

"ಇದೇನು, ನಮ್ಮ ಗುಡ್ಡ ಏನು? ಯಾಕ ಹಿಂಗ ಕುಂತೈತಿ?"

"ಮಾರಿ ಇಳಿಬಿಟ್ಟೈತಿ."

ಯಾರ ಮಾತೆಂದು ಅವನಿಗೆ ಹೇಳಬೇಕಾಗಿರಲಿಲ್ಲ. ಎದ್ದು ಬಂದು ಮೋಡ ಮುಟ್ಟಿದ. ಬೆರಳಿಗೆ ಅರಳೆ ಬಂತು. ಹತ್ತಿಯವನ ಕೈ ಸುಮ್ಮನಿರುತ್ತದೆಯೇ? ಎರಡು ಹೆಬ್ಬೆರಳ ನಡುವೆ ಎಳೆಯನ್ನು ಹಿಡಿದು, ಎಳೆದು, ಉದ್ದ ನೋಡಿದ.

"ಕರಿನೆಲದ್ದು. ಹೊಳಗುಂದಿ ಕಡಿ ಮಾಲು."

ಹೇಳಿದ ಮೇಲೆ ತಾನು ಏನು ಹೇಳಿದೆ ಎಂದು ಅವನಿಗೇ ಕೇಳಿಸಿರಬೇಕು. ಚೌಕಟ್ಟನ್ನು ತಿರುವಿದ. ಹಿಂದೆ ಕೆಂಪು ಅಂಚು. ತನ್ನ ರುಮಾಲು. ಬಯ್ಯುತ್ತಾನೆಂದು ಕಾದೆ. ಅವನು ಹೊಸ ರುಮಾಲನ್ನು ಹೆಗಲಿಂದ ತೆಗೆದು ಬಲಗೈಯ ಮೇಲೆ ಹಾಸಿಕೊಂಡು, ಯಾವನೋ ದೊಡ್ಡ ಗಿರಾಕಿಗೆ ಚಾಚುವ ಹಾಗೆ ನನ್ನ ಕಡೆ ಚಾಚಿದ. ನಾನು ಕೈ ಒಳಗಿಟ್ಟೆ. ಬೆರಳು ಒತ್ತಿ ಒಂದು ಬೆಲೆ ಹೇಳಿದ. ನಾನು ಒತ್ತಲಿಲ್ಲ. ಏರಿಸಿದ. ಒತ್ತಲಿಲ್ಲ. ಮತ್ತೆ ಏರಿಸಿದ. ಅಷ್ಟು ದಿನಗಳ ಮೇಲೆ ಒಬ್ಬರ ಕೈ ನನ್ನ ಕೈ ಹಿಡಿದಿತ್ತು. ವ್ಯಾಪಾರ ಮುಗಿಯದೇ ಇದ್ದರೆ ಸಾಕು ಅನ್ನಿಸಿತು. ಕೊನೆಗೆ ಬಾಯಿಬಿಟ್ಟೆ.

"ಇದು ಮಾರಾಕಲ್ಲಪ್ಪಾ. ಅವ್ವಗ."

ಅಪ್ಪನ ಕೈ ಸಡಿಲಾಯಿತು, ಹೊರಗೆ ಬರಲಿಲ್ಲ.

"ಆಗಲಿ. ಒಣಗಲಿ ತಡಿ, ಕೊಟ್ಟು ಬರೋಣಂತ."

"ಇದು ಒಣಗಂಗಿಲ್ಲ. ಶೇಂಗಾ ಎಣ್ಣಿ ಹಾಕೀನಿ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ ಹಣೆ ಬಡಿದುಕೊಂಡಳು: "ಡಬ್ಬಿ ಯಾಕ ಖಾಲಿ ಆತು ಅಂತಿದ್ದೆ!" ಅಪ್ಪ ನಕ್ಕ. ಬೇಸಿಗೆಯಿಂದ ಆ ಮನೆಯಲ್ಲಿ ಕೇಳಿರದ ಸದ್ದು ಅದು. ಅಗಸೆ ಎಣ್ಣೆ ಹಾಕಿದ್ದರೆ ಒಣಗುವ ತನಕ ಎಂದು ಮುಂದಕ್ಕೆ ಹಾಕಿ, ಒಣಗಿದ ಮೇಲೆ ಹಬ್ಬ ಆಗಲಿ ಎಂದು ಇನ್ನೂ ಮುಂದಕ್ಕೆ ಹಾಕುತ್ತಿದ್ದ. ನನಗೆ ಅವನು ಗೊತ್ತು. ಒಣಗದ ಮಾಲಿಗೆ ವಾಯಿದೆ ಇಲ್ಲ. ಮರುದಿನ ಬೆಳಿಗ್ಗೆಯೇ ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುವ ಬಸ್ಸು ಹಿಡಿದೆವು. ಚಿತ್ರವನ್ನು ಸುತ್ತುವಂತಿಲ್ಲ, ಮಲಗಿಸುವಂತಿಲ್ಲ. ತೊಡೆಯ ಮೇಲೆ ನಿಲ್ಲಿಸಿಕೊಂಡು ಕುಳಿತೆ. ಪಕ್ಕದ ಹೆಣ್ಣುಮಗಳು ಕೂದಲು ಸರಿಮಾಡಿಕೊಳ್ಳಲು ಅದರೊಳಗೆ ಇಣುಕಿ, "ಇದ್ಯಾತರ ಕನ್ನಡಿ ಬೇ, ಬರೇ ಗುಡ್ಡ ಕಾಣತೈತಿ" ಅಂದಳು.

ಹೊಳಗುಂದದಲ್ಲಿ ಮಾವ ಹೊಲಕ್ಕೆ ಹೋಗಿದ್ದ. ಅವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ನೋಡಿ ಮೊರ ಕೆಳಗಿಟ್ಟಳು. ಅಪ್ಪನನ್ನು ನೋಡಿ ಮತ್ತೆ ಎತ್ತಿಕೊಂಡಳು. ನಾನು ಚಿತ್ರವನ್ನು ಅವಳ ಮುಂದೆ ಹಿಡಿದೆ. ಬಹಳ ಹೊತ್ತು ನೋಡಿದಳು.

"ಮೋಡಕ್ಕ ಅರಳಿ ಯಾಕ ಹಚ್ಚೀ?"

"ನಾ ಹಚ್ಚಿಲ್ಲವ್ವ. ತಾನ ಬಂದು ಹತ್ಯೈತಿ."

ಅವ್ವ ಎದ್ದು ನಿಂತಳು. ಅಪ್ಪನ ಮುಖ ನೋಡದೆ ಕೇಳಿದಳು.

"ಆ ಮಾತು ಹೇಳಾಕ ಬಂದೀರೇನ್ರಿ?"

"ಬಾಯಿಲೆ ಹೇಳಾಕ ಬರಂಗಿಲ್ಲ ಅದು." ಆಮೇಲೆ ನನ್ನ ಕಡೆ ತಿರುಗಿ, "ಗಟ್ಟಿಗೆ ಹಿಡಕೊ ಬೇ, ಅಲುಗಾಡಿಸಬ್ಯಾಡ" ಅಂದ.

ಅಪ್ಪ ಚಿತ್ರದ ಮುಖವನ್ನು ನನ್ನ ಕಡೆಗೆ ತಿರುಗಿಸಿ, ಅವ್ವನ ಪಕ್ಕಕ್ಕೆ ಹೋಗಿ, ಚೌಕಟ್ಟಿನ ಹಿಂದೆ ರುಮಾಲಿನ ಮರೆಯಲ್ಲಿ ಕೈ ಹಾಕಿದ. ಸ್ವಲ್ಪ ಹೊತ್ತು ಅವನ ಕೈ ಒಂದೇ ಅಲ್ಲಿತ್ತು. ಆಮೇಲೆ ಅವ್ವನ ಬಳೆ ಚೌಕಟ್ಟಿಗೆ ತಾಗಿದ ಸದ್ದಾಯಿತು. ಇಬ್ಬರೂ ನನ್ನ ಆಚೆ. ನಾನು ಈಚೆ, ಮೂಗಿಗೆ ಶೇಂಗಾ ಎಣ್ಣೆಯ ವಾಸನೆ, ಕಣ್ಣಿಗೆ ನಾನೇ ಬರೆದ ಗುಡ್ಡ. ಹಿಂದಿನಿಂದ ಬೆರಳ ಗಂಟು ಬಟ್ಟೆಗೆ ತಾಗಿ ಗುಡ್ಡದ ಬೆನ್ನು ಒಮ್ಮೆ ಉಬ್ಬಿತು, ಇಳಿಯಿತು, ಮತ್ತೆ ಉಬ್ಬಿತು. ಬುಡದಲ್ಲಿದ್ದ ಬೆಳಕಿನ ಗೀಟು ಅದರುತ್ತಿತ್ತು. ಆ ರುಮಾಲು ತನ್ನ ಹಳೆಯ ಕಸುಬನ್ನು ಮರೆತಿರಲಿಲ್ಲ.

"ಇಷ್ಟಕ್ಕ ಇಷ್ಟು ದಿನ ಬೇಕಾತೇನ್ರಿ?" ಅಂದಳು ಅವ್ವ. ಅವಳ ಧ್ವನಿ ಒದ್ದೆಯಾಗಿತ್ತೋ, ನಗು ಇತ್ತೋ, ಚಿತ್ರದ ಈಚೆಯಿಂದ ತಿಳಿಯಲಿಲ್ಲ.

ಅವ್ವ ನಮ್ಮೊಡನೆ ವಾಪಸು ಬಂದಳು. ಅಣ್ಣನಿಗೆ ಏನು ಹೇಳಿದಳೋ, ಮುಂದಿನ ವರ್ಷವೂ ಅವನ ಹತ್ತಿ ಅಪ್ಪನ ಕೈಗೇ ಬಂತು. ಆ ಅಂಕಿ ಏನೆಂದು ನಾನು ದೊಡ್ಡವಳಾದ ಮೇಲೂ ಕೇಳಿದ್ದುಂಟು. "ರುಮಾಲಿನ ಕೆಳಗಿನ ಮಾತು ಬೇ ಅದು" ಎಂದು ಅವ್ವ, ಅಪ್ಪನದೇ ಮುಖ ಮಾಡಿಕೊಂಡು, ಹೇಳುತ್ತಿದ್ದಳು. ಇಬ್ಬರೂ ಅದನ್ನು ತಮ್ಮೊಡನೆ ಒಯ್ದರು. ಮಾಳಿಗೆಯ ಮೇಲೆ ಮತ್ತೆ ಅವ್ವನ ಪಕ್ಕ ನಿಂತು ಗುಡ್ಡ ನೋಡಿದೆ ನಿಜ. ಆದರೆ ಒಬ್ಬಳೇ ಕಣ್ಣು ಅರ್ಧ ಮುಚ್ಚಿ ನೋಡುವುದನ್ನು ಕಲಿತಾಗಿತ್ತು, ಅದು ಬಿಡಲಿಲ್ಲ.

ಇನ್ನು ನಿಮಗೆ ನಾಲ್ಕು ಮಾತು. ಅಂಗಡಿಯಲ್ಲಿ ಕೇಳಿದ್ದರೂ ಇದನ್ನೇ ಹೇಳುತ್ತಿದ್ದೆ. ಅಗಸೆ ಎಣ್ಣೆಯನ್ನೇ ಕೊಳ್ಳಿ. ಸೀಸೆಯ ಬಾಯಲ್ಲಿ ಕೆನೆ ಕಟ್ಟಿದೆಯೇ ನೋಡಿ, ಕಟ್ಟಿದ್ದರೆ ಅದು ಒಣಗುವ ಎಣ್ಣೆ. ಅಡುಗೆಮನೆಯದನ್ನು ಅಡುಗೆಗೇ ಬಿಡಿ. ಬಟ್ಟೆಗೆ ಮೊದಲು ಅಂಟು ಕುಡಿಸಿ. ಕರಿಬಣ್ಣ ತೋರಿಸಿ ಮೋಡಕ್ಕೆ ಚೆನ್ನಾಗಿರುತ್ತದೆ ಎನ್ನುವ ಅಂಗಡಿಯವನನ್ನು ನಂಬಬೇಡಿ. ಕತ್ತಲೆ ಎಷ್ಟೇ ಇರಲಿ, ಬುಡದಲ್ಲಿ ಒಂದು ಗೀಟು ಬೆಳಕು ಬಿಡಿ. ಗಿರಣಿ ನಡೆಯುವ ತಿಂಗಳಲ್ಲಿ ಹಸಿ ಚಿತ್ರವನ್ನು ಹೊರಗಿಡಬೇಡಿ. ಇಟ್ಟು ಅರಳೆ ಹತ್ತಿದರೆ, ಒರೆಸುವ ಮೊದಲು ದೂರ ನಿಂತು ನೋಡಿ. ಮತ್ತು ಮನೆಯ ದೊಡ್ಡವರು ಯಾವತ್ತಾದರೂ ನಿಮ್ಮ ಚಿತ್ರವನ್ನು ನಡುವೆ ಹಿಡಿದುಕೊ ಎಂದರೆ, ಹಿಡಿಯಿರಿ. ಹಿಂದೆ ಏನು ನಡೆದಿದೆ ಎಂದು ಬಗ್ಗಿ ನೋಡಬೇಡಿ. ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಳ್ಳಿ. ತೋಳು ಬೇಗ ಸೋಲುವುದಿಲ್ಲ.